ಕೊಲೋನಿನ ವೇದಿಕೆಗಳು: ಹಾಡು ಮತ್ತು ರಾಜಕೀಯ

ನಮ್ಮ ಕೂಟದಲ್ಲಿ ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಕಾರ್ಯಕ್ರಮದ ಪಟ್ಟಿ ಮಾಡುವಾಗ ಒಂದು ಮಾತು ಬಂದೇ ಬರುತ್ತೆ: "ಹಾಡು ಎಷ್ಟು ಬೇಕಾದರೂ ಇರಲಿ, ರಾಜಕೀಯ ಮಾತ್ರ ಬೇಡ." ಹಾಗೆ ಹೇಳುವವರ ಕಷ್ಟ ನನಗೂ ಗೊತ್ತು. ಊರಿನ ಪಕ್ಷಗಳ ಜಗಳ ವಾಟ್ಸಾಪ್ ಗುಂಪಿಗೆ ಬಂದು, ಒಟ್ಟಿಗೆ ಕೂತು ಊಟ ಮಾಡುತ್ತಿದ್ದವರು ಮುಖ ತಿರುಗಿಸಿಕೊಂಡು ಓಡಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ನಾನು ಕೆಲಸ ಮಾಡಿಕೊಂಡಿರುವ ಈ ಕೊಲೋನ್ ಊರಿನಲ್ಲಿ, ಹಾಡನ್ನೂ ರಾಜಕೀಯವನ್ನೂ ಬೇರೆ ಬೇರೆ ಪೈಪಿನಲ್ಲಿ ಹಾಕಿ ಎಳೆಯಲು ಆಗಿಲ್ಲ. ಅದರ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ಸರ್ಕಾರಿ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು, ಇತಿಹಾಸದ ಮೇಷ್ಟ್ರಲ್ಲ. ಕೆಲಸದ ಜಾಗದಲ್ಲಿ ಹಿರಿಯರಿಂದ ಕೇಳಿದ್ದು, ಆಮೇಲೆ ಕೂತು ಓದಿದ್ದು, ಇಷ್ಟೇ ಬಂಡವಾಳ.

ಶುರು ಮಾಡಬೇಕಾದ್ದು 1961ರ ಅಕ್ಟೋಬರ್ 30ರಿಂದ. ಅವತ್ತು ಪಶ್ಚಿಮ ಜರ್ಮನಿ ತುರ್ಕಿ ದೇಶದ ಜೊತೆ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಮುಂಚೆ 1955ರಲ್ಲಿ ಇಟಲಿ ಜೊತೆ ಆಗಿತ್ತು. ಹಾಗೆ ಬಂದವರಿಗೆ ಇಟ್ಟ ಹೆಸರು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕೆಲಸಗಾರ. ಅತಿಥಿ ಅಂದಮೇಲೆ ಒಂದು ದಿನ ಹೊರಡಬೇಕು ತಾನೆ? 1955ರಿಂದ 1973ರವರೆಗೆ ಸುಮಾರು 1.4 ಕೋಟಿ ಜನ ಹಾಗೆ ಬಂದರು, ಅವರಲ್ಲಿ 1.1 ಕೋಟಿ ಜನ ವಾಪಸ್ ಹೋದರು.

1962ರಲ್ಲಿ ಬಂದವರಲ್ಲಿ ಮೆತಿನ್ ತುರ್ಕೋಜ್ ಒಬ್ಬರು. ಕೊಲೋನಿನ ಫೋರ್ಡ್ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಕೈಯಲ್ಲಿ ಸಾಜ್, ನಮ್ಮ ತಂಬೂರಿಯಂತೆ ಉದ್ದ ಕತ್ತಿನ ತಂತಿವಾದ್ಯ. ಅವರು ಹಾಡು ಕಟ್ಟಿದ್ದು ಕಾರ್ಖಾನೆ, ಹಾಸ್ಟೆಲ್ಲು, ಊರಿನ ನೆನಪು, ಮತ್ತೆ ಮೇಲ್ವಿಚಾರಕನ ಬಗ್ಗೆ. ಅವರ ಒಂದು ಹೆಸರಾದ ಹಾಡು ಮೇಲ್ವಿಚಾರಕನಿಗೆ ಬೆಳಗಿನ ನಮಸ್ಕಾರ ಹೇಳುವಂಥದ್ದು. ಅದರಲ್ಲಿ ಜರ್ಮನಿನ 'ಮೈಸ್ಟರ್' ಅನ್ನು ತುರ್ಕಿ ಬಾಯಲ್ಲಿ 'ಮಯಿಸ್ತೆರೊ' ಮಾಡಿದ್ದಾರೆ. ಈ ಪದ ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ 'ಮೇಸ್ತ್ರಿ'. ಅದು ಪೋರ್ಚುಗೀಸರಿಂದ ನಮಗೆ ಬಂದ ಪದ. ಎರಡರ ಬೇರೂ ಒಂದೇ ಲ್ಯಾಟಿನ್ ಪದದಲ್ಲಿದೆ. ಬೆಳಗ್ಗೆ ಎದ್ದು ಮೇಸ್ತ್ರಿಗೆ ನಮಸ್ಕಾರ ಹಾಕುವ ಕೆಲಸ ಎಲ್ಲ ದೇಶದಲ್ಲೂ ಇದೆ ಅನ್ನಿ.

ಈ ಹಾಡುಗಳನ್ನು ಕೊಲೋನಿನದೇ ಆದ 'ತುರ್ಕುವೋಲಾ' ಕಂಪನಿ ರೆಕಾರ್ಡ್ ಮಾಡಿ, ಕ್ಯಾಸೆಟ್ ಮಾಡಿ ಮಾರಿತು. ಮಾರಾಟ ಆಗುತ್ತಿದ್ದದ್ದು ಜರ್ಮನ್ ಸಂಗೀತದ ಅಂಗಡಿಗಳಲ್ಲಿ ಅಲ್ಲ, ಅಕ್ಕಿ ಬೇಳೆ ಆಲಿವ್ ಮಾರುವ ತುರ್ಕಿ ಅಂಗಡಿಗಳಲ್ಲಿ. ಹಾಗಾಗಿ ಲಕ್ಷಗಟ್ಟಲೆ ಖರ್ಚಾದರೂ ಪಕ್ಕದ ಮನೆಯ ಜರ್ಮನರಿಗೆ ಇಂಥ ಸಂಗೀತ ಇದೆ ಅಂತಲೇ ಗೊತ್ತಿರಲಿಲ್ಲ. ನಾನು ಈ ಹಾಡು ಮೊದಲು ಕೇಳಿದ್ದು ಒಂದು ತುರ್ಕಿ ಮದುವೆ ಹಾಲ್‌ನಲ್ಲಿ. ಅಲ್ಲಿ ಹೊಸ ಡಿಸ್ಟ್ರಿಬ್ಯೂಷನ್ ಬೋರ್ಡ್ ಕೂರಿಸುತ್ತಿದ್ದೆವು. ಸಂಜೆ ಒಬ್ಬರು ಅಜ್ಜ ಬಂದು ಸಾಜ್ ಶ್ರುತಿ ಮಾಡಿಕೊಂಡು, ಮೈಕ್ ಇಲ್ಲದೆ ಹಾಡಿದರು. ನಿವೃತ್ತ ಕಾರ್ಖಾನೆ ಕೆಲಸಗಾರ. ಮೇಸ್ತ್ರಿ ಪದ ಬಂದ ಕಡೆ ನನ್ನ ಕಡೆ ನೋಡಿ ಕಣ್ಣು ಹೊಡೆದರು. ತುರ್ಕಿ ಭಾಷೆ ನನಗೆ ಬರೋದಿಲ್ಲ, ಆದರೂ ಅರ್ಥವಾಯಿತು.

1973ರ ಆಗಸ್ಟ್‌ನಲ್ಲಿ ಅದೇ ಫೋರ್ಡ್ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರ ಆಯಿತು. ಊರಿಗೆ ರಜೆ ಹೋಗಿ ತಡವಾಗಿ ಬಂದ ಸುಮಾರು 300 ತುರ್ಕಿ ಕೆಲಸಗಾರರನ್ನು ತೆಗೆದುಹಾಕಿದ್ದು ಅದಕ್ಕೆ ಕಾರಣ. ಒಂದು ವಾರದೊಳಗೆ ಪೊಲೀಸರು ನುಗ್ಗಿ ಮುರಿದರು. ಅದೇ ವರ್ಷ ನವೆಂಬರ್ 23ಕ್ಕೆ ಸರ್ಕಾರ ಹೊರಗಿನಿಂದ ಕೆಲಸಗಾರರನ್ನು ಕರೆಸುವುದನ್ನೇ ನಿಲ್ಲಿಸಿತು. ಹೋದರೆ ಮತ್ತೆ ಬರಲಾಗದು ಅಂತ ಇದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಇಲ್ಲೇ ಉಳಿದರು.

ಮುಂದಿನ ವೇದಿಕೆ 1976ರ ನವೆಂಬರ್ 13ರದ್ದು. ಪೂರ್ವ ಜರ್ಮನಿಯ ಹಾಡುಗಾರ ವೋಲ್ಫ್ ಬೀರ್ಮಾನ್ ಅವರಿಗೆ ಅಲ್ಲಿಯ ಸರ್ಕಾರ 1965ರಿಂದ ಹಾಡುವುದನ್ನೇ ನಿಷೇಧಿಸಿತ್ತು. ಅವರನ್ನು ಕೊಲೋನಿಗೆ ಕರೆಸಿದ್ದು ಲೋಹ ಕಾರ್ಮಿಕರ ಸಂಘ, ಐ.ಜಿ. ಮೆಟಾಲ್. ಕ್ರೀಡಾಂಗಣದ ಹಾಲ್‌ನಲ್ಲಿ ಒಂದು ಗಿಟಾರ್ ಹಿಡಿದು ನಾಲ್ಕು ಗಂಟೆಗೂ ಹೆಚ್ಚು ಹಾಡಿದರು, ಮಾತಾಡಿದರು. ಮೂರೇ ದಿನಕ್ಕೆ, ನವೆಂಬರ್ 16ಕ್ಕೆ, ಪೂರ್ವ ಜರ್ಮನಿ ಅವರ ಪೌರತ್ವ ಕಿತ್ತುಕೊಂಡಿತು. ಹಾಡಲು ಬಂದವರು ಮನೆಗೆ ಹೋಗಲಾಗಲಿಲ್ಲ. ಸೇನೆ, ಗೋಡೆ, ಗುಪ್ತಚರರು ಎಲ್ಲ ಇದ್ದ ಒಂದು ಸರ್ಕಾರ ಒಬ್ಬನ ಗಿಟಾರಿಗೆ ಇಷ್ಟು ಹೆದರಿತ್ತು. ಹಾಡಿನಲ್ಲಿ ರಾಜಕೀಯ ಇಲ್ಲ ಅನ್ನೋರು ಇದನ್ನೊಮ್ಮೆ ಯೋಚನೆ ಮಾಡಬೇಕು.

ಗೋಡೆ ಬಿದ್ದು ಎರಡು ಜರ್ಮನಿ ಒಂದಾದ ಮೇಲೆ ಎಲ್ಲ ಸರಿ ಹೋಗಬೇಕಿತ್ತು. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್ ಊರಿನ ಲಿಕ್ಟೆನ್‌ಹಾಗನ್ ಬಡಾವಣೆಯಲ್ಲಿ ವಿಯೆಟ್ನಾಂ ಕೆಲಸಗಾರರ ಹಾಸ್ಟೆಲ್ಲಿಗೆ ಬೆಂಕಿ ಹಾಕಿದರು. ಸುತ್ತ ಸೇರಿದವರು ಚಪ್ಪಾಳೆ ತಟ್ಟಿದರು. ಅದೇ ನವೆಂಬರ್ 9ಕ್ಕೆ ಕೊಲೋನಿನ ಹಾಡುಗಾರರು ಕ್ಲೋಡ್ವಿಗ್ ಚೌಕದಲ್ಲಿ ವೇದಿಕೆ ಹಾಕಿದರು. ಬಂದವರು ಸುಮಾರು ಒಂದು ಲಕ್ಷ. ಆ ಕಾರ್ಯಕ್ರಮದ ಹೆಸರು ಊರಿನ ಆಡುಮಾತಿನಲ್ಲೇ ಇತ್ತು: 'ಆರ್ಶ್ ಹೂ, ಜೆಂಗ್ ಉಸೆನಾಂಡರ್'. ನಮ್ಮ ಕಡೆ ಮಾತಲ್ಲಿ ಹೇಳೋದಾದರೆ, ಕುಂಡೆ ಮೇಲೆತ್ತು, ಹಲ್ಲು ಬಿಚ್ಚು. ಸುಮ್ಮನೆ ಕೂರಬೇಡ, ಬಾಯಿ ಬಿಡು ಅಂತ.

ಇಲ್ಲಿ ನಿಜವನ್ನು ಹೇಳಲೇಬೇಕು. ಒಂದು ಲಕ್ಷ ಜನ ಹಾಡಿದ ಎರಡು ವಾರಕ್ಕೆ ಮೋಲ್ನ್ ಊರಲ್ಲಿ ತುರ್ಕಿ ಮನೆಗಳಿಗೆ ಬೆಂಕಿ ಬಿತ್ತು, ಮೂವರು ಸತ್ತರು. ಮುಂದಿನ ವರ್ಷ ಮೇ 29ಕ್ಕೆ ಕೊಲೋನಿನ ಹತ್ತಿರದ ಜೋಲಿಂಗನ್‌ನಲ್ಲಿ ಒಂದೇ ಮನೆಯ ಐದು ಹೆಣ್ಣುಮಕ್ಕಳು ಸುಟ್ಟುಹೋದರು. 2004ರ ಜೂನ್ 9ಕ್ಕೆ ಕೊಲೋನಿನ ತುರ್ಕಿ ಬೀದಿ ಕೋಯಿಪ್‌ಸ್ಟ್ರಾಸೆಯಲ್ಲಿ ಮೊಳೆ ತುಂಬಿದ ಬಾಂಬ್ ಸಿಡಿದು 22 ಜನರಿಗೆ ಗಾಯವಾಯಿತು. ಪೊಲೀಸರು ಏಳು ವರ್ಷ ಆ ಬೀದಿಯವರನ್ನೇ ಅನುಮಾನಿಸಿದರು. 2011ರಲ್ಲಿ ಗೊತ್ತಾಯಿತು, ಅದು ಎನ್.ಎಸ್.ಯು. ಎಂಬ ನವನಾಜಿ ಗುಂಪಿನ ಕೆಲಸ ಅಂತ. ಹತ್ತು ವರ್ಷ ತುಂಬಿದಾಗ, 2014ರಲ್ಲಿ, ಅಲ್ಲಿ 'ಬಿರ್‌ಲಿಕ್ಟೆ' ಅನ್ನೋ ಹಬ್ಬ ಮಾಡಿದರು. ತುರ್ಕಿಯಲ್ಲಿ 'ಒಟ್ಟಿಗೆ' ಅಂತ ಅರ್ಥ. ದೇಶದ ಅಧ್ಯಕ್ಷರೇ ಬಂದರು.

ಹಾಗಾದರೆ ಹಾಡಿ ಏನು ಪ್ರಯೋಜನ? ಇದಕ್ಕೆ ನನ್ನ ಉತ್ತರ ಸಿಕ್ಕಿದ್ದು 2024ರ ಜನವರಿ 21ರಂದು. ಲಕ್ಷಾಂತರ ವಲಸಿಗರನ್ನು ದೇಶದಿಂದ ಹೊರಗೆ ಹಾಕುವ ಬಗ್ಗೆ ಪೋಟ್ಸ್‌ಡಾಮ್‌ನಲ್ಲಿ ಗುಟ್ಟಾಗಿ ಸಭೆ ನಡೆದದ್ದು ಆಗಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. ಕೊಲೋನಿನ ಡೊಯಿಟ್ಸ್ ದಡದಲ್ಲಿ ಸುಮಾರು 70,000 ಜನ ಸೇರಿದರು. ಕೈ ಮರಗಟ್ಟುವ ಚಳಿ. ನನ್ನ ಹಿಂದೆ ಒಂದು ಗುಂಪು ಡೋಲು ಬಾರಿಸುತ್ತಾ ಹಾಡುತ್ತಿತ್ತು. ನಮ್ಮದೇ ಸೈಟಿನ ಒಬ್ಬ ಪ್ಲಂಬರ್, ಯಾವತ್ತೂ ಗುಡ್ ಮಾರ್ನಿಂಗ್ ಬಿಟ್ಟು ಮಾತಾಡದವನು, ಅಲ್ಲಿ ಹೆಂಡತಿ ಮಕ್ಕಳ ಜೊತೆ ಹಾಡುತ್ತಾ ನಿಂತಿದ್ದ. ನನ್ನನ್ನು ನೋಡಿ ಕೈ ಎತ್ತಿದ. ಹಾಡು ಓಟು ಬದಲಾಯಿಸುತ್ತೋ ಇಲ್ಲವೋ, ಹೆದರಿದವನಿಗೆ ಪಕ್ಕದಲ್ಲಿ ಯಾರಿದ್ದಾರೆ ಅಂತ ತೋರಿಸುತ್ತೆ.

ಹೆದರಿಕೆ ನಮಗೆ ಮಾತ್ರ ಅಂತ ತಿಳಿಯಬಾರದು. ಅದೇ ವರ್ಷ ಆಗಸ್ಟ್ 23ಕ್ಕೆ ಅದೇ ಜೋಲಿಂಗನ್‌ನಲ್ಲಿ ಊರಹಬ್ಬದ ಸಂಗೀತ ನಡೆಯುವಾಗ, ಸಿರಿಯಾದಿಂದ ಆಶ್ರಯ ಕೇಳಿ ಬಂದವನೊಬ್ಬ ಚಾಕು ಹಾಕಿ ಮೂವರನ್ನು ಕೊಂದ. ಜನ ಗಾಬರಿಯಲ್ಲಿ ತುಳಿದಾಡದಿರಲಿ ಅಂತ ವೇದಿಕೆ ಮೇಲಿದ್ದ ಡಿ.ಜೆ.ಗೆ ಸ್ವಲ್ಪ ಹೊತ್ತು ಸಂಗೀತ ನಿಲ್ಲಿಸಬೇಡ ಅಂದರಂತೆ. ಇದನ್ನು ನೋಡಿದ ಜನರ ಸಿಟ್ಟನ್ನು ಸುಳ್ಳು ಅನ್ನಲಾಗದು. ಆದರೆ ಒಬ್ಬನ ಪಾಪಕ್ಕೆ ಹೊರಗಿನಿಂದ ಬಂದ ಎಲ್ಲರ ಮೇಲೆ ಬಿಲ್ ಬರೆಯುವ ರಾಜಕೀಯ ಇದೆಯಲ್ಲ, ಅದು ತಪ್ಪು. 2025ರ ಫೆಬ್ರವರಿ ಚುನಾವಣೆಯಲ್ಲಿ ಎ.ಎಫ್.ಡಿ. ಪಕ್ಷಕ್ಕೆ 20.8% ಮತ ಬಂತು, 2021ಕ್ಕಿಂತ ಎರಡು ಪಟ್ಟು. ಅದಕ್ಕೆ ನಾಲ್ಕು ತಿಂಗಳ ಮುಂಚೆ ಇದೇ ದೇಶದ ಸರ್ಕಾರ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂದಿತ್ತು. ಒಂದು ಕೈ ಬಾ ಅನ್ನುತ್ತೆ, ಇನ್ನೊಂದು ಕೈ ಬಾಗಿಲು ತೋರಿಸುತ್ತೆ. ಅತಿಥಿ ಕೆಲಸಗಾರರ ಕಾಲದ ಕಥೆಯೇ ಇದು.

ನಮ್ಮ ನಾಡಿನಲ್ಲೂ ಹಾಡು ಮತ್ತು ರಾಜಕೀಯ ಒಂದೇ ಚಪ್ಪರದಲ್ಲಿ ಬೆಳೆದವು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರು ತಮಟೆ ಬಡಿದುಕೊಂಡು ಸಿದ್ದಲಿಂಗಯ್ಯನವರ ಹಾಡು ಹೇಳುತ್ತಾ ಕೇರಿ ಕೇರಿ ತಿರುಗಿದರು. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದಾಗ ಊರೂರೇ ಬೀದಿಗೆ ಬಂತು. ಮುಂದಿನ ವರ್ಷದ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರವೇ ಹೋಯಿತು. ನಾನು ಐ.ಟಿ.ಐ. ಓದುವಾಗ ಮೈಕ್ ಸೆಟ್ಟಿನವರ ಜೊತೆ ವೈರ್ ಎಳೆಯಲು ಹೋಗುತ್ತಿದ್ದೆ. ಗಣೇಶನ ಆರ್ಕೆಸ್ಟ್ರಾಕ್ಕೆ ಎಷ್ಟು ಜನ ಸೇರುತ್ತಿದ್ದರೋ, ಅಂಬೇಡ್ಕರ್ ಜಯಂತಿಯ ಹೋರಾಟದ ಹಾಡಿಗೂ ಅಷ್ಟೇ ಜನ. ಆ ಹಾಡು ಶುರುವಾದರೆ ಹಿಂದೆ ಕೂತ ಮುದುಕಿಯರೂ ಮುಂದೆ ಬರುತ್ತಿದ್ದರು.

ಆದ್ದರಿಂದ ಕೂಟದ ಹಿರಿಯರಲ್ಲಿ, ಅಕ್ಕತಂಗಿಯರಲ್ಲಿ ನನ್ನ ಮನವಿ ಇಷ್ಟು. ಊರಿನ ಪಕ್ಷಗಳ ಜಗಳ ಹೊರಗೇ ಇರಲಿ, ಅದಕ್ಕೆ ನನ್ನದೂ ಕೈ ಇದೆ. ಆದರೆ ನಾವು ದುಡಿಯುವ ಈ ನೆಲದ ರಾಜಕೀಯವನ್ನು ಹೊರಗಿಡಬೇಡಿ. ವೀಸಾ ಕಚೇರಿಯ ಕ್ಯೂ, ನಮ್ಮ ಸರ್ಟಿಫಿಕೇಟಿಗೆ ಮಾನ್ಯತೆ ಸಿಗಲು ಕಾಯುವ ತಿಂಗಳುಗಳು, ಬಾಡಿಗೆ ಮನೆ ಕೇಳಿದಾಗ ಹೆಸರು ನೋಡಿ ಬರುವ ಉತ್ತರ, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಅಕ್ಕಂದಿರ ಟ್ರಾಮ್ ಪ್ರಯಾಣ, ಇವುಗಳ ಮೇಲೆ ಕನ್ನಡದಲ್ಲಿ ಒಂದು ಹಾಡನ್ನೂ ನಮ್ಮ ವೇದಿಕೆಯಲ್ಲಿ ನಾನು ಕೇಳಿಲ್ಲ. ಮೆತಿನ್ ತುರ್ಕೋಜ್ ತಮ್ಮ ಜನಕ್ಕೆ ಆ ಕೆಲಸವನ್ನು 60 ವರ್ಷದ ಹಿಂದೆಯೇ ಮಾಡಿದರು. ಮುಂದಿನ ರಾಜ್ಯೋತ್ಸವಕ್ಕೆ ಹಳೆಯ ಭಾವಗೀತೆಗಳು ಇದ್ದೇ ಇರಲಿ. ಜೊತೆಗೆ ಇಲ್ಲಿ ಹುಟ್ಟಿದ ಒಂದು ಹೊಸ ಹಾಡಿಗೆ ಹತ್ತು ನಿಮಿಷ ಕೊಡಿ, ಪಕ್ಕದ ಮನೆಯ ಜರ್ಮನರನ್ನೂ ತುರ್ಕಿಯವರನ್ನೂ ಕರೆಯಿರಿ. ಯಾರಾದರೂ ಸಾಹಿತ್ಯ ಬರೆದುಕೊಟ್ಟರೆ ಸೌಂಡು ಮತ್ತು ಲೈಟಿನ ಜವಾಬ್ದಾರಿ ನನ್ನದು.