ಹಳೆಯ ಟ್ರ್ಯಾಕ್ಟರ್ ಡಬ್ಬಿ ಕೊಳ್ಳುವ ಮುನ್ನ: ಗಡಿಭಾಗದ ಸದಸ್ಯರಿಗೆ ಮಾಹಿತಿ



ಸುಗ್ಗಿ ಹತ್ತಿರ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ರೈತ ಕುಟುಂಬಗಳಲ್ಲಿ ಒಂದೇ ಮಾತು: ಟ್ರ್ಯಾಕ್ಟರ್ ಇದೆ, ಡಬ್ಬಿ ಇಲ್ಲ. ಹೊಸ ಟ್ರೈಲರ್ ಕೊಳ್ಳಲು ಕೈಯಲ್ಲಿ ಹಣವಿಲ್ಲ, ಬಾಡಿಗೆಗೆ ತಂದರೆ ಹತ್ತಿ, ಭತ್ತದ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ. ಆಗ ಕಣ್ಣು ಹಾಯುವುದು ಹಳೆಯ ಡಬ್ಬಿಯ ಕಡೆಗೆ. ರಾಯಚೂರು ಅಥವಾ ಗುರುಮಠಕಲ್ ಕಡೆ ನೆಂಟರ ಮೂಲಕ ಒಂದು ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಗೊತ್ತಾಗುತ್ತದೆ. ಬಯಾನ ಕೊಟ್ಟು ಅದೇ ದಿನ ಎಳೆದು ತರುತ್ತೇವೆ. ಕಾಗದದ ಮಾತು ಆಮೇಲೆ.

ತೊಂದರೆ ಶುರುವಾಗುವುದು ಅಲ್ಲೇ. ಹಳೆಯ ಡಬ್ಬಿಯನ್ನು ನೋಡುವಾಗ ಮೊದಲು ಕಾಗದ, ಆಮೇಲೆ ಚಾಸಿ, ಆಮೇಲೆ ಗಾಲಿ, ಕೊನೆಗೆ ಬೆಲೆ. ಈ ಕ್ರಮ ತಪ್ಪಿದರೆ ಅಗ್ಗದ ಡಬ್ಬಿಯೇ ದುಬಾರಿಯಾಗುತ್ತದೆ. ಕೆಳಗಿನ ಮಾಹಿತಿಯನ್ನು ಅದೇ ಕ್ರಮದಲ್ಲಿ ಕೊಟ್ಟಿದ್ದೇವೆ.

1. ಕಾಗದ: ನೆಂಟಸ್ತನಕ್ಕೆ ಗಡಿ ಇಲ್ಲ, ನೋಂದಣಿಗೆ ಇದೆ

1956ರವರೆಗೆ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ನಮ್ಮ ಸಂತೆ, ಸಂಬಂಧ, ವ್ಯಾಪಾರ ಇಂದಿಗೂ ಹಾಗೆಯೇ ನಡೆದಿವೆ. ಆದರೆ ವಾಹನದ ಮಟ್ಟಿಗೆ ಕೃಷ್ಣಾ ಸೇತುವೆ ದಾಟಿದರೆ ಬೇರೆ ರಾಜ್ಯ. ರಾಯಚೂರಿನ ನೋಂದಣಿ ಕೆಎ-36, ಯಾದಗಿರಿಯದು ಕೆಎ-33. ನಮ್ಮ ಕಡೆ ನಾರಾಯಣಪೇಟೆ ಜಿಲ್ಲೆಯದು 38, ಜೋಗುಳಾಂಬ ಗದ್ವಾಲ್ ಜಿಲ್ಲೆಯದು 33; ಮೊದಲು ಟಿಎಸ್ ಎಂದಿತ್ತು, 2024ರಿಂದ ಹೊಸ ನೋಂದಣಿಗೆ ಟಿಜಿ ಬಂದಿದೆ.

ಬಹಳ ಜನ ಮರೆಯುವ ಮಾತೊಂದಿದೆ. ಕಾನೂನಿನ ಪ್ರಕಾರ ಡಬ್ಬಿಯೂ ಒಂದು ವಾಹನ. ಟ್ರ್ಯಾಕ್ಟರಿನ ಆರ್‌ಸಿ ಬೇರೆ, ಡಬ್ಬಿಯ ಆರ್‌ಸಿ ಬೇರೆ, ನಂಬರೂ ಬೇರೆ. "ಟ್ರ್ಯಾಕ್ಟರಿನ ಕಾಗದ ಇದೆಯಲ್ಲ, ಸಾಕು" ಎಂದು ಮಾರುವವರು ಹೇಳಿದರೆ ಒಪ್ಪಬೇಡಿ. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ, ಚಾಸಿ ನಂಬರೇ ಇಲ್ಲದ ಡಬ್ಬಿಗೆ ಆಮೇಲೆ ಆರ್‌ಸಿ ಮಾಡಿಸುವುದು ಬಹಳ ಕಷ್ಟ.

ಬಯಾನ ಕೊಡುವ ಮೊದಲು ಇವನ್ನು ನೋಡಿ:

• ಆರ್‌ಸಿಯ ಮೂಲ ಪ್ರತಿ. ಹೆಸರು ಮಾರುವವರದ್ದೇ ಆಗಿರಬೇಕು. ಇಬ್ಬರು ಮೂವರ ಕೈ ಬದಲಾಗಿ, ಆರ್‌ಸಿ ಮಾತ್ರ ಮೊದಲನೆಯವರ ಹೆಸರಿನಲ್ಲೇ ಇದ್ದರೆ, ಆ ಮೊದಲನೆಯವರ ಸಹಿ ಇಲ್ಲದೆ ಏನೂ ನಡೆಯುವುದಿಲ್ಲ.
• ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಡಬ್ಬಿಯ ಮೇಲೆ ಕೊರೆದ ನಂಬರ್ ಒಂದೇ ಇರಬೇಕು. ಬಣ್ಣ ಮುಚ್ಚಿದ್ದರೆ ಕೆರೆದು ನೋಡಿ. ಒಂದು ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಎನ್‌ಒಸಿ ಅರ್ಜಿಗೂ ಈ ಅಚ್ಚು ಬೇಕು.
• ಕರ್ನಾಟಕದ ನಂಬರಾದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಾಲದ ಹೊರೆ ಇದ್ದರೆ ಅಲ್ಲಿ ತಿಳಿಯುತ್ತದೆ.
• ಬ್ಯಾಂಕ್ ಅಥವಾ ಫೈನಾನ್ಸ್ ಸಾಲ ತೀರಿದ್ದರೆ ಅವರಿಂದ ಫಾರಂ 35 ಮತ್ತು ಬಾಕಿ ಇಲ್ಲ ಎಂಬ ಪತ್ರ.
• ಮಾರುವವರು ಸಹಿ ಮಾಡಿದ ಫಾರಂ 29 ಮತ್ತು ಫಾರಂ 30. ಇವು ಮಾಲೀಕತ್ವ ಬದಲಾವಣೆಯ ಫಾರಂಗಳು.
• ಫಾರಂ 28, ಅಂದರೆ ರಾಯಚೂರು ಅಥವಾ ಯಾದಗಿರಿ ಆರ್‌ಟಿಒ ಕೊಡುವ ಎನ್‌ಒಸಿ. ಇದಿಲ್ಲದೆ ತೆಲಂಗಾಣದಲ್ಲಿ ಡಬ್ಬಿ ನಿಮ್ಮ ಹೆಸರಿಗೆ ಆಗುವುದಿಲ್ಲ.

ಎನ್‌ಒಸಿಯನ್ನು "ಆಮೇಲೆ ಕಳಿಸುತ್ತೇನೆ" ಎಂಬ ಮಾತಿನ ಮೇಲೆ ಬಿಡಬೇಡಿ. ಹಣದ ಒಂದು ಭಾಗವನ್ನು ಎನ್‌ಒಸಿ ಕೈಗೆ ಬರುವವರೆಗೆ ಉಳಿಸಿಕೊಳ್ಳುವುದಾಗಿ ಕರಾರಿನಲ್ಲೇ ಬರೆಸಿ. ಕರಾರು ಕನ್ನಡದಲ್ಲಿದ್ದರೆ ತೆಲುಗು ಅಥವಾ ಇಂಗ್ಲಿಷಿನಲ್ಲೂ ಒಂದು ಪ್ರತಿ ಮಾಡಿಸಿಕೊಳ್ಳಿ. ನಮ್ಮ ಕಡೆಯ ಕಚೇರಿಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ. ಕರಾರಿನಲ್ಲಿ ಡಬ್ಬಿ ಒಪ್ಪಿಸಿದ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಹಿಂದಿನ ದಿನ ಏನಾದರೂ ಆಗಿದ್ದರೆ ಅದರ ಹೊಣೆ ನಿಮ್ಮ ತಲೆಗೆ ಬರಬಾರದು.

ಡಬ್ಬಿ ಊರಿಗೆ ಬಂದ ಮೇಲೆ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕೊಂಡವರು 30 ದಿನದೊಳಗೆ ತಮ್ಮ ಸಾರಿಗೆ ಕಚೇರಿಗೆ ತಿಳಿಸಬೇಕು. ತೆಲಂಗಾಣದ ಹೊಸ ನಂಬರಿಗೆ ಫಾರಂ 27ರಲ್ಲಿ ಅರ್ಜಿ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಕಡ್ಡಾಯ. ತೆರಿಗೆ ಎಷ್ಟು, ಶುಲ್ಕ ಎಷ್ಟು ಎಂಬುದನ್ನು ಸೌದಾ ಮುಗಿಯುವ ಮೊದಲೇ ನಿಮ್ಮ ಜಿಲ್ಲಾ ಸಾರಿಗೆ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

2. ಚಾಸಿ: ಬಣ್ಣ ನೋಡಬೇಡಿ, ಅಡಿಗೆ ಮಲಗಿ ನೋಡಿ

ಮೊದಲ ಪ್ರಶ್ನೆ: ಈ ಡಬ್ಬಿ ಇಲ್ಲಿಯವರೆಗೆ ಏನು ಹೊತ್ತಿದೆ? ಹತ್ತಿ, ತೊಗರಿ, ಹುಲ್ಲು ಹೊತ್ತ ಡಬ್ಬಿಗೂ ಮರಳು, ಇಟ್ಟಿಗೆ, ಕಲ್ಲು ಹೊತ್ತ ಡಬ್ಬಿಗೂ ಅಜಗಜಾಂತರ. ಹಸಿ ಮರಳು ಒಂದು ಕಡೆ ತಗಡನ್ನು ತುಕ್ಕು ಹಿಡಿಸುತ್ತದೆ, ಇನ್ನೊಂದು ಕಡೆ ಅತಿಭಾರದಿಂದ ಚಾಸಿಯನ್ನು ಬಾಗಿಸುತ್ತದೆ. ಗೊಬ್ಬರ, ಯೂರಿಯಾ ಚೆಲ್ಲಿ ತೊಳೆಯದೆ ಬಿಟ್ಟರೂ ತಳದ ತಗಡು ಬೇಗ ತಿನ್ನಿಸಿಕೊಳ್ಳುತ್ತದೆ.

ಆಗತಾನೇ ಬಣ್ಣ ಹೊಡೆದ ಡಬ್ಬಿಯನ್ನು ಇನ್ನಷ್ಟು ಗಮನವಿಟ್ಟು ನೋಡಿ. ಸಣ್ಣ ಸುತ್ತಿಗೆಯಿಂದ ತಳದ ತಗಡನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಖಣ್ ಎನ್ನುತ್ತದೆ. ತುಕ್ಕು ತಿಂದದ್ದು ಸತ್ತ ದನಿ ಕೊಡುತ್ತದೆ. ತಗಡು ಬದಲಿಸಬಹುದು, ಅದು ದೊಡ್ಡ ದೋಷವಲ್ಲ. ದೋಷ ಇರಬಾರದ ಜಾಗ ಮೂರು: ಮುಂದಿನ ಎಳೆಯುವ ದಂಡಿಗೆ ಚಾಸಿಗೆ ಸೇರುವ ಮೂಲೆ, ಕಮಾನ್ ಪಾಟಾ ಕೂರುವ ಜಾಗ, ಅಚ್ಚಿನ ಮೇಲಿನ ಉದ್ದದ ತೊಲೆಗಳು. ಇಲ್ಲಿ ಬಿರುಕಿದ್ದರೆ ಅಥವಾ ಒಂದರ ಮೇಲೊಂದು ವೆಲ್ಡಿಂಗ್ ತೇಪೆ ಇದ್ದರೆ ಆ ಡಬ್ಬಿ ಬಿಟ್ಟುಬಿಡಿ.

ಚಾಸಿ ನೆಟ್ಟಗಿದೆಯೇ ಎಂದು ತಿಳಿಯಲು ಒಂದು ಟೇಪು ಸಾಕು. ಡಬ್ಬಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ, ಮತ್ತೆ ಇನ್ನೆರಡು ಮೂಲೆಗಳನ್ನು ಅಳೆಯಿರಿ. ಎರಡೂ ಸಮ ಇರಬೇಕು. ಎರಡು ಗಾಲಿಯ ಡಬ್ಬಿಯಾದರೆ ಮುಂದಿನ ಕೊಂಡಿಯ ತೂತಿನಿಂದ ಅಚ್ಚಿನ ಎರಡೂ ತುದಿಗೆ ಅಳೆಯಿರಿ. ಅಲ್ಲಿಯೂ ಸಮ ಇರಬೇಕು. ಇಲ್ಲದಿದ್ದರೆ ಡಬ್ಬಿ ಅಡ್ಡ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ.

ಕೊಂಡಿಯ ತೂತು ದುಂಡಗಿದೆಯೇ, ಸವೆದು ಉದ್ದವಾಗಿದೆಯೇ ನೋಡಿ. ಪಿನ್ನಿಗೆ ಲಾಕ್ ಇರಲೇಬೇಕು. ನಾಲ್ಕು ಗಾಲಿಯ ಡಬ್ಬಿಯಲ್ಲಿ ಮುಂದಿನ ಅಚ್ಚಿನ ಮೇಲಿನ ಟರ್ನ್ ಟೇಬಲ್ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಹೈಡ್ರಾಲಿಕ್ ಡಬ್ಬಿಯಾದರೆ ನಿಮ್ಮ ಟ್ರ್ಯಾಕ್ಟರಿಗೇ ಜೋಡಿಸಿ, ಎತ್ತಿಸಿ, ಹತ್ತು ನಿಮಿಷ ಹಾಗೆಯೇ ಬಿಡಿ. ತಾನಾಗಿ ಇಳಿದರೆ ಎಲ್ಲೋ ಎಣ್ಣೆ ಸೋರುತ್ತಿದೆ: ಜಾಕಿನಲ್ಲಿ, ಪೈಪಿನಲ್ಲಿ ಅಥವಾ ನಿಮ್ಮ ಟ್ರ್ಯಾಕ್ಟರಿನ ವಾಲ್ವಿನಲ್ಲಿ. ಯಾವುದೆಂದು ಮೇಸ್ತ್ರಿಯಿಂದ ತಿಳಿದುಕೊಳ್ಳಿ. ಎತ್ತಿದ ಡಬ್ಬಿಯ ಕೆಳಗೆ, ಗಟ್ಟಿ ಆಸರೆ ಕೊಡದೆ, ಯಾರೂ ತಲೆ ಹಾಕಬಾರದು.

3. ಗಾಲಿ ಮತ್ತು ಟೈರು

ಜಾಕ್ ಹಚ್ಚಿ ಒಂದೊಂದೇ ಗಾಲಿ ಎತ್ತಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲವಿದ್ದರೆ ಬೇರಿಂಗ್ ಸವೆದಿದೆ. ತಿರುಗಿಸಿ ಕಿವಿಗೊಡಿ, ಗರಗರ ಎಂದರೂ ಅದೇ ಅರ್ಥ. ಬೇರಿಂಗ್ ಬದಲಿಸುವುದು ದೊಡ್ಡ ಖರ್ಚಲ್ಲ, ಆದರೆ ಬೆಲೆಯಲ್ಲಿ ಕಳೆಯಬೇಕಾದ ಖರ್ಚು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕುಗಳಿದ್ದರೆ ಬಿಸಿಲಿಗೆ ರಬ್ಬರ್ ಸತ್ತಿದೆ ಎಂದೇ ತಿಳಿಯಿರಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ತುಂಬಿದ ಡಬ್ಬಿಗೆ ಅಂಥ ಟೈರು ನಡೆಯದು. ಒಂದೇ ಅಚ್ಚಿನ ಎರಡೂ ಟೈರು ಒಂದೇ ಅಳತೆಯವು ಇರಲಿ.

ನಮ್ಮ ಕಡೆಯ ಹಲವು ಡಬ್ಬಿಗಳಿಗೆ ಬ್ರೇಕ್ ಇರುವುದಿಲ್ಲ. ಇಡೀ ಭಾರವನ್ನು ನಿಲ್ಲಿಸುವುದು ಟ್ರ್ಯಾಕ್ಟರಿನ ಬ್ರೇಕ್ ಮಾತ್ರ. ಆದ್ದರಿಂದ ರಸ್ತೆಗೆ ಇಳಿಯುವಾಗ ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಲಾಕ್ ಹಾಕಿ ಒಂದು ಮಾಡಿ. ನಿಮ್ಮ ಟ್ರ್ಯಾಕ್ಟರಿನ ಶಕ್ತಿಗೆ ಮೀರಿದ ಡಬ್ಬಿ ಎಷ್ಟೇ ಅಗ್ಗವಾದರೂ ಬೇಡ.

4. ಬೆಲೆ: ಕಾಂಟಾದ ಲೆಕ್ಕ

ಸಾಧ್ಯವಾದರೆ ಖಾಲಿ ಡಬ್ಬಿಯನ್ನು ಕಾಂಟಾದಲ್ಲಿ ತೂಗಿಸಿ. ಇದರಿಂದ ಎರಡು ಉಪಯೋಗ. ಆರ್‌ಸಿಯಲ್ಲಿ ಬರೆದ ಖಾಲಿ ತೂಕಕ್ಕೂ ಕಾಂಟಾದ ತೂಕಕ್ಕೂ ಬಹಳ ವ್ಯತ್ಯಾಸವಿದ್ದರೆ, ಆ ಡಬ್ಬಿಯನ್ನು ಬದಲಾಯಿಸಿದ್ದಾರೆ ಅಥವಾ ಆ ಆರ್‌ಸಿ ಬೇರೆ ಡಬ್ಬಿಯದು. ಎರಡನೆಯದು, ಗುಜರಿ ಬೆಲೆ ಸಿಗುತ್ತದೆ. ಉದಾಹರಣೆಗೆ, 1,400 ಕೆ.ಜಿ. ಡಬ್ಬಿಗೆ ಗುಜರಿಯಲ್ಲಿ ಕೆ.ಜಿ.ಗೆ 30 ರೂಪಾಯಿ ಎಂದುಕೊಂಡರೆ 42,000 ರೂಪಾಯಿ. ಕಾಗದವಿಲ್ಲದ ಡಬ್ಬಿಯ ನಿಜವಾದ ಬೆಲೆ ಹೆಚ್ಚು ಕಡಿಮೆ ಇಷ್ಟೇ. ಅದಕ್ಕಿಂತ ಹೆಚ್ಚು ಕೇಳುವವರು ಯಾವುದಕ್ಕೆ ಹೆಚ್ಚು ಕೇಳುತ್ತಿದ್ದಾರೆ ಎಂದು ನೀವು ಕೇಳಬಹುದು.

ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ಕೇಳಿದ ಬೆಲೆ, ಟೈರು, ಬೇರಿಂಗ್, ತಗಡು ಮತ್ತು ವೆಲ್ಡಿಂಗ್, ಎನ್‌ಒಸಿ ಓಡಾಟ, ತೆರಿಗೆ, ನೋಂದಣಿ, ವಿಮೆ. ಎಲ್ಲ ಕೂಡಿಸಿದ ಮೊತ್ತವನ್ನು ಅದೇ ಅಳತೆಯ ಹೊಸ ಡಬ್ಬಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಅಂತರ ತೀರ ಕಡಿಮೆಯಾದರೆ ಹೊಸದೇ ಲೇಸು. ಸುಗ್ಗಿ ಬಾಗಿಲಿಗೆ ಬಂದಾಗ ಕೇಳುವವರು ಹೆಚ್ಚು. ಕೆಲಸ ಮುಗಿದ ಮೇಲೆ ಕೊಳ್ಳುವವರಿಗೆ ಚೌಕಾಸಿಗೆ ಜಾಗವಿರುತ್ತದೆ.

5. ವಿಮೆ, ಮತ್ತು ಜನ ಕೂರಿಸುವ ಮಾತು

ಟ್ರ್ಯಾಕ್ಟರಿನ ವಿಮೆ ಪತ್ರದಲ್ಲಿ ಡಬ್ಬಿಯ ನಂಬರೂ ಸೇರಿರಬೇಕು; ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಹಳೆಯ ಮಾಲೀಕರ ವಿಮೆ ಚಾಲ್ತಿಯಲ್ಲಿದ್ದರೆ ಹೆಸರು ಬದಲಾವಣೆಗೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ಕೃಷಿಗೆಂದು ಮಾಡಿಸಿದ ವಿಮೆ ಇಟ್ಟುಕೊಂಡು ಬಾಡಿಗೆಗೆ ಮರಳು, ಇಟ್ಟಿಗೆ ಹೊಡೆದರೆ ಪರಿಹಾರದ ಹೊತ್ತಿಗೆ ತಕರಾರು ಬರುತ್ತದೆ. ಟ್ರ್ಯಾಕ್ಟರಿಗೆ ಟ್ರೈಲರ್ ಜೋಡಿಸಿ ಸರಕು ಸಾಗಿಸಿದರೆ ಅದು ಸರಕು ಸಾಗಣೆ ವಾಹನವಾಗುತ್ತದೆ ಎಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಇನ್ನು ಎಲ್ಲರೂ ತಿಳಿದೂ ಮರೆಯುವ ಮಾತು. ಹತ್ತಿ ಬಿಡಿಸಲು ಕೂಲಿಯವರನ್ನು, ಮೈಲಾಪುರ ಅಥವಾ ಕುರುಮೂರ್ತಿ ಜಾತ್ರೆಗೆ ಮನೆಮಂದಿಯನ್ನು ಡಬ್ಬಿಯಲ್ಲೇ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಡಬ್ಬಿಯಲ್ಲಿ ಕೂತವರಿಗೆ ವಿಮೆ ಇಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತವರಿಗೂ ಇಲ್ಲ. 2007ರ ಬ್ರಿಜ್ ಮೋಹನ್ ಪ್ರಕರಣದಲ್ಲಿ ಡಬ್ಬಿಯಲ್ಲಿ ಹೋಗುತ್ತಿದ್ದ ಕೂಲಿಕಾರರೊಬ್ಬರು ಗಾಯಗೊಂಡರು. ವಿಮಾ ಕಂಪನಿಗೆ ಹೊಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಡ ಕೂಲಿಕಾರನಿಗೆ ಸದ್ಯಕ್ಕೆ ಹಣ ಸಿಗಲೆಂದು, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಎಂದು ಆದೇಶಿಸಿತು. ಅಂದರೆ ಕೊನೆಗೆ ಹೊರೆ ಬಿದ್ದದ್ದು ಮಾಲೀಕರ ಮೇಲೆಯೇ. ನಮ್ಮಂಥವರಿಗೆ ಅದು ಎರಡು ಎಕರೆ ಹೊಲದ ಮಾತು. ಹೋದ ಜೀವವಂತೂ ಯಾವ ಹಣಕ್ಕೂ ಬಾರದು. ಕೂಲಿಯವರಿಗೆ ಆಟೋ ಅಥವಾ ಜೀಪು ಮಾಡಿ. ಜಾತ್ರೆಗೆ ಬಸ್ಸು ಹಿಡಿಯಿರಿ.

ಡಬ್ಬಿ ಮನೆಗೆ ಬಂದ ಮೊದಲ ದಿನವೇ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಮಕ್ತಲ್ ಮೇಲೆ ರಾಯಚೂರಿಗೆ ಹೋಗುವ 167ನೇ ಹೆದ್ದಾರಿಯಲ್ಲಾಗಲಿ, ಎರ್ರವಲ್ಲಿ ಕಡೆಯ 44ನೇ ಹೆದ್ದಾರಿಯಲ್ಲಾಗಲಿ, ರಾತ್ರಿ ಹೊತ್ತು ದೀಪವಿಲ್ಲದೆ ನಿಂತ ಡಬ್ಬಿ ಹಿಂದಿನಿಂದ ಬರುವ ಬೈಕಿನವರಿಗೆ ಕಾಣುವುದೇ ಇಲ್ಲ. ಆ ಬೈಕಿನ ಮೇಲೆ ಬರುವವರು ನಮ್ಮದೇ ಊರಿನವರಾಗಿರುತ್ತಾರೆ.

ಈ ಪುಟವನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಡಬ್ಬಿ ನೋಡಲು ಹೋಗುವಾಗ ಜೊತೆಗಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ವೆಲ್ಡಿಂಗ್ ಬಲ್ಲವರೊಬ್ಬರು, ಕಾಗದ ಓದಬಲ್ಲವರೊಬ್ಬರು ಜೊತೆಗಿರಲಿ. ಕೊಂಡ ಸದಸ್ಯರು ತಮ್ಮ ಅನುಭವವನ್ನು ಸಂಘದ ಮುಂದಿನ ಸಭೆಯಲ್ಲಿ ಹಂಚಿಕೊಂಡರೆ ಉಳಿದವರಿಗೂ ಅನುಕೂಲ.