ಟ್ರೈಟೋನ್
ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಅಶುಭ ಮತ್ತು ಭೀತಿಯ ಭಾವಗಳಿಗೆ ಬಹುಕಾಲದಿಂದ ಒದಗಿಬಂದಿರುವ ಸ್ವರಾಂತರಕ್ಕೆ ‘ಟ್ರೈಟೋನ್’ ಎಂದು ಹೆಸರು. ಗ್ರೀಕ್ ಮೂಲದ ಈ ಪದದಲ್ಲಿ ‘ಟ್ರಿ’ ಎಂದರೆ ಮೂರು. ‘ಟೋನೋಸ್’ ಎಂದರೆ ಬಿಗಿತ, ಮುಖ್ಯವಾಗಿ ತಂತಿಯ ಬಿಗಿತ, ಮತ್ತು ಅದೇ ಪದ ಮುಂದೆ ಸ್ವರಕ್ಕೂ ಎರಡು ಸ್ವರಗಳ ನಡುವಿನ ಪೂರ್ಣಾಂತರಕ್ಕೂ ಸಲ್ಲತೊಡಗಿತು. ಮೂರು ಪೂರ್ಣಾಂತರಗಳು ಸೇರಿದ ಈ ದೂರ ಕರ್ನಾಟಕ ಸಂಗೀತದ ಷಡ್ಜ–ಪ್ರತಿಮಧ್ಯಮಗಳ ನಡುವೆಯೂ ಇದ್ದು, ಮಂಗಳಕರವೆನಿಸಿದ ಕಲ್ಯಾಣಿ ರಾಗದಲ್ಲಿ ಅದು ಯಾವ ಭಯವನ್ನೂ ಹುಟ್ಟಿಸದಿರುವುದನ್ನು ನೋಡಿದರೆ, ಕರಾಳತೆಯನ್ನು ಅದಕ್ಕೆ ತಂದುಕೊಟ್ಟದ್ದು ಬಳಕೆಯೇ ಎನ್ನಬೇಕಾಗುತ್ತದೆ.

‘ಸಂಗೀತದೊಳಗಿನ ಸೈತಾನ’ ಎಂಬರ್ಥದ ‘ಡಯಾಬೊಲಸ್ ಇನ್ ಮ್ಯೂಸಿಕಾ’ ಇದರ ಲ್ಯಾಟಿನ್ ಅಡ್ಡಹೆಸರು. ಮಧ್ಯಯುಗದ ಚರ್ಚು ಸೈತಾನನ ಭಯದಿಂದ ಇದನ್ನು ನಿಷೇಧಿಸಿತ್ತೆಂಬ ಜನಜನಿತ ಮಾತಿಗೆ ಆಧಾರವಿಲ್ಲ. ಆ ಹೆಸರು ಯೋಹಾನ್ ಯೋಸೆಫ್ ಫುಕ್ಸ್‌ನ 1725ರ ಗ್ರಂಥದಂಥ 18ನೆಯ ಶತಮಾನದ ಬರಹಗಳಲ್ಲಿ ಸಿಗುತ್ತದೆ.

ಬೀಥೋವನ್ ‘ಫಿಡೆಲಿಯೊ’ ಗೀತನಾಟಕದ ಸೆರೆಮನೆಯ ದೃಶ್ಯಕ್ಕೆ ಎರಡು ಟಿಂಪನಿ ಭೇರಿಗಳನ್ನು ಟ್ರೈಟೋನ್ ಅಂತರದಲ್ಲಿ ಶ್ರುತಿಗೊಳಿಸಿ, ಕತ್ತಲ ಕೋಣೆಯ ದಿಗಿಲನ್ನು ಅವುಗಳ ಮೆಲುಬಡಿತದಲ್ಲೇ ತಂದನು. ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ಸ್ಯಾನ್‌ಸಾನ್ಸ್‌ನ ‘ಡಾನ್ಸ್ ಮಕಾಬ್ರ್’ನಲ್ಲಿದೆ: 1874ರ ಈ ವಾದ್ಯವೃಂದ ಕೃತಿಯಲ್ಲಿ ಅಸ್ಥಿಪಂಜರಗಳನ್ನು ಕುಣಿಸುವ ಮೃತ್ಯುವಿನ ಪಾತ್ರ ಒಂಟಿ ಪಿಟೀಲಿನದಾಗಿದ್ದು, ಅದರ ಅತಿ ಮೇಲಿನ ತಂತಿಯನ್ನು ಅರ್ಧಸ್ವರದಷ್ಟು ಸಡಿಲಿಸಿರುವುದರಿಂದ, ಬೆರಳನ್ನೇ ಒತ್ತದೆ ಮೇಲಿನೆರಡು ತಂತಿಗಳ ಮೇಲೆ ಕಮಾನು ಎಳೆದಾಗ ಟ್ರೈಟೋನ್ ಕರ್ಕಶವಾಗಿ ಮೊಳಗುತ್ತದೆ. ಸಂಗೀತಕಾರ ಬ್ರಿಟನ್ನನ ‘ವಾರ್ ರೆಕ್ವಿಯಮ್’ (1962) ಕೃತಿಯಲ್ಲಿ ಇದೇ ಅಂತರ ಗಂಟೆಗಳಿಗೂ ಮೇಳಗಾಯನಕ್ಕೂ ದಾಟಿ, ಯುದ್ಧದಲ್ಲಿ ಮಡಿದವರ ಶೋಕವನ್ನು ಹೊತ್ತಿದೆ.