ಎಂಟರಿಂದ ಹದಿನೆಂಟಕ್ಕೆ

ಎಳೆಯ ಹುಡುಗಿಯರ ಮದುವೆಗೆ ಕಾನೂನಿನ ಗೆರೆ ಎಳೆದ ಮೊದಲಿಗರಲ್ಲಿ ಮೈಸೂರು ಸಂಸ್ಥಾನವೂ ಒಂದು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1894ರಲ್ಲಿ, ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ಕಟ್ಟಿಕೊಳ್ಳುವುದನ್ನೂ ಅದು ನಿಷೇಧಿಸಿತು. ಎಂಟು ವರ್ಷವೆಂದರೆ ಇಂದಿನ ಮೂರನೇ ತರಗತಿ! 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ 14, ಹುಡುಗನಿಗೆ 18 ಎಂದಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕೊಪ್ಪಳ ಸೀಮೆಗೆ ಆಗ ಇವೆರಡೂ ಲಾಗೂ ಆಗಲಿಲ್ಲ. ಶಾರದಾ ಕಾಯ್ದೆಯ 1978ರ ತಿದ್ದುಪಡಿ ಜಮ್ಮು-ಕಾಶ್ಮೀರ ಬಿಟ್ಟು ಉಳಿದ ದೇಶದಲ್ಲಿ ಈ ವಯಸ್ಸನ್ನು 18 ಮತ್ತು 21ಕ್ಕೆ ಏರಿಸಿತು.

ಆದರೂ ಒಂದು ಕೊರತೆ ಉಳಿದೇ ಇತ್ತು. ಮದುವೆ ಮಾಡಿಸಿದವರಿಗೆ ಶಿಕ್ಷೆ, ಆದ ಮದುವೆ ಮಾತ್ರ ಊರ್ಜಿತ. ಮುಖ್ಯೋಪಾಧ್ಯಾಯಿನಿಯಾಗಿದ್ದ ನನಗೆ ಪಾಲಕರು ನೇರವಾಗಿಯೇ ಹೇಳುತ್ತಿದ್ದರು: "ತಾಳಿ ಬಿದ್ದ ಮ್ಯಾಲ ಏನ್ ಮಾಡ್ತೀರಿ ಅಕ್ಕೋರ?"

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಹದಿನೆಂಟರೊಳಗಿನವರೆಲ್ಲ ಮಕ್ಕಳು ಎಂಬುದು ಅದರ ಮೊದಲ ವಿಧಿಯ ಸಾರ. ಭಾರತ ಅದನ್ನು ಒಪ್ಪಿದ್ದು 1992ರ ಡಿಸೆಂಬರ್ 11ರಂದು. ಒಪ್ಪಿದ ಮಾತ್ರಕ್ಕೆ ಅದು ನಮ್ಮಲ್ಲಿ ಕಾನೂನಾಗುವುದಿಲ್ಲ. ಸಂವಿಧಾನದ 253ನೇ ವಿಧಿ ಕೊಟ್ಟ ಅಧಿಕಾರದಿಂದ ಸಂಸತ್ತು ಕಾಯ್ದೆ ಮಾಡಬೇಕು. ಆ ಕೆಲಸ ನಿಧಾನವಾಗಿ ನಡೆಯಿತು. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ 16 ಇದ್ದ ಮಿತಿ 2000ದಲ್ಲಿ 18 ಆಯಿತು. 2005ರಲ್ಲಿ ಮಕ್ಕಳ ಹಕ್ಕುಗಳ ಆಯೋಗಗಳ ಕಾಯ್ದೆ, 2012ರಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ ಪೋಕ್ಸೋ ಕಾಯ್ದೆ ಬಂದವು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, ಹುಡುಗಿ ಬೇಡವೆಂದರೆ ಮದುವೆ ರದ್ದು ಮಾಡಬಹುದು ಎಂದಿತು. ಆದರೆ ಅವಳೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು, ಅದೂ ಹದಿನೆಂಟು ತುಂಬಿ ಎರಡು ವರ್ಷದೊಳಗೆ. ಅತ್ತೆಮನೆಯಲ್ಲಿ ಕೈಕೂಸು ಎತ್ತಿಕೊಂಡ ಹುಡುಗಿಗೆ ಇದು ಆಗುವ ಮಾತೇ?

ಈ ಕಂಡಿಯನ್ನು ಮುಚ್ಚಿದ್ದು ಕರ್ನಾಟಕ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹದ ಬಗ್ಗೆ ವರದಿ ಕೊಟ್ಟಿತು. ಆಮೇಲೆ ನಮ್ಮ ಶಾಸನಸಭೆ 2016ರ ತಿದ್ದುಪಡಿಯಲ್ಲಿ, ಮುಂದೆ ಆಗುವ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು ಎಂದು ಬರೆಯಿತು. ಉಳಿದ ರಾಜ್ಯಗಳೂ ಇದೇ ದಾರಿ ಹಿಡಿಯುವುದು ಒಳಿತೆಂದು 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇಷ್ಟು ದೊಡ್ಡ ಕಾನೂನು ಕೊನೆಗೆ ಬಂದು ನಿಲ್ಲುವುದು ಶಾಲೆಯ ದಾಖಲಾತಿ ವಹಿಯ ಒಂದು ಸಾಲಿನ ಮೇಲೆ. ಅಲ್ಲಿ ಜನ್ಮದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತೇವೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಂತೆ ವಯಸ್ಸಿಗೆ ಮೊದಲ ಪುರಾವೆ ಶಾಲೆಯ ದಾಖಲೆ. ಆಮೇಲೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರಷ್ಟೇ ವೈದ್ಯರ ತಪಾಸಣೆ. ಅದಕ್ಕೇ ಲಗ್ನದ ಹಂಗಾಮಿನಲ್ಲಿ "ಒಂದೆರಡು ವರ್ಷ ಹೆಚ್ಚಿಗಿ ಮಾಡಿಕೊಡ್ರಿ" ಎಂದು ಜನ ಬರುತ್ತಿದ್ದರು. ಆ ಸಾಲನ್ನು ನಾನು ಒಮ್ಮೆಯೂ ತಿದ್ದಲಿಲ್ಲ. ಶಿಕ್ಷಕರೇ, ನೀವೂ ತಿದ್ದಬೇಡಿ.

ಓದುಗರಲ್ಲೂ ಒಂದು ಬೇಡಿಕೆ. ಹುಡುಗಿಗೆ ಹದಿನೆಂಟು ತುಂಬಿಲ್ಲವೆಂದು ಗೊತ್ತಾದರೆ ತಾಳಿ ಬೀಳುವ ಮೊದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಲ್ಲರು. ಗೊತ್ತಿದ್ದೂ ಅಕ್ಷತೆ ಹಾಕಿ ಉಂಡು ಬರಬೇಡಿ. ಅಂಥ ಮದುವೆಯಲ್ಲಿ ಪಾಲ್ಗೊಳ್ಳುವುದೂ ಬಾಲ್ಯವಿವಾಹ ನಿಷೇಧ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೇ.